ಹಾಡುಗಾರ ಬಾಯಿ ತೆರೆಯುವ ಮೊದಲಿನ ಎರಡು ನಿಮಿಷ

ನ್ಯೂ ಆರ್ಡರ್ ತಂಡದ ‘ಬ್ಲೂ ಮಂಡೇ’ ಹಾಡಿನಲ್ಲಿ ಗಾಯಕನ ದನಿ ಕೇಳಬೇಕಾದರೆ ಎರಡು ನಿಮಿಷಕ್ಕೂ ಹೆಚ್ಚು ಕಾಯಬೇಕು. ಅಲ್ಲಿಯವರೆಗೆ ಬರೀ ತಾಳ, ಬಾಸ್, ಕೀಬೋರ್ಡ್. ನಾನು ಶಿವಮೊಗ್ಗದ ಕಡೆ ಆರ್ಕೆಸ್ಟ್ರಾಗಳಲ್ಲಿ ರಿದಮ್ ಪ್ಯಾಡ್ ನುಡಿಸುವವನು. ಗಣೇಶೋತ್ಸವದ ಪೆಂಡಾಲಿನಲ್ಲಿ ಹಾಡುಗಾರ ಮೈಕ್ ಮುಂದೆ ಬರುವುದು ಸ್ವಲ್ಪ ತಡವಾದರೂ ಜನ ಶಿಳ್ಳೆ ಹೊಡೆಯಲು ತೊಡಗುತ್ತಾರೆ. ಹೀಗಿರುವಾಗ ಇಂಥ ಹಾಡೊಂದು 1983ರಲ್ಲಿ ಬ್ರಿಟನ್ನಿನ ಮಾರಾಟ ಪಟ್ಟಿಯ ಮೊದಲ ಹತ್ತರೊಳಗೆ ಹೇಗೆ ನುಗ್ಗಿತು ಎಂಬ ಪ್ರಶ್ನೆ ನನ್ನನ್ನು ಬಹಳ ಕಾಲದಿಂದ ಕಾಡುತ್ತಿದೆ. ಇದನ್ನು ಯಂತ್ರಗಳ ಹಾಡು ಎಂದು ಕರೆಯುವುದು ವಾಡಿಕೆ. ನನ್ನ ಮಟ್ಟಿಗೆ ಇದು ಅಪ್ಪಟ ಕೈಕೆಲಸದ ಹಾಡು.

ನ್ಯೂ ಆರ್ಡರ್ ಮ್ಯಾಂಚೆಸ್ಟರಿನ ತಂಡ. ಅದಕ್ಕೂ ಮೊದಲು ಅವರು ಜಾಯ್ ಡಿವಿಷನ್ ಆಗಿದ್ದರು. 1980ರ ಮೇ 18ರಂದು, ತಂಡ ಅಮೆರಿಕ ಪ್ರವಾಸಕ್ಕೆ ಹೊರಡಬೇಕಿದ್ದ ಮುನ್ನಾದಿನ, ಗಾಯಕ ಇಯಾನ್ ಕರ್ಟಿಸ್ ಆತ್ಮಹತ್ಯೆ ಮಾಡಿಕೊಂಡರು. ಆಗ ಅವರಿಗೆ 23 ವರ್ಷ. ಉಳಿದ ಮೂವರು, ಅಂದರೆ ಗಿಟಾರಿನ ಬರ್ನಾರ್ಡ್ ಸಮ್ನರ್, ಬಾಸ್‌ನ ಪೀಟರ್ ಹುಕ್, ಡ್ರಮ್ಮರ್ ಸ್ಟೀಫನ್ ಮಾರಿಸ್, ಹೊಸ ಹೆಸರಿಟ್ಟುಕೊಂಡು ಮುಂದುವರಿದರು. ಕೀಬೋರ್ಡಿಗೆ ಗಿಲಿಯನ್ ಗಿಲ್ಬರ್ಟ್ ಸೇರಿಕೊಂಡರು. ಹಾಡುವ ಹೊಣೆ ಕೊನೆಗೆ ಸಮ್ನರ್ ಹೆಗಲಿಗೆ ಬಿತ್ತು. ಮೊದಲ ದಿನಗಳಲ್ಲಿ ಅವರ ಸಂಗೀತದ ಮೇಲೆ ಕರ್ಟಿಸ್ ನೆರಳು ದಟ್ಟವಾಗಿತ್ತು. ನ್ಯೂಯಾರ್ಕಿಗೆ ಹೋದಾಗ ಅಲ್ಲಿನ ಕ್ಲಬ್ಬುಗಳ ಕುಣಿತದ ಸಂಗೀತ ಅವರ ಕಿವಿಗೆ ಬಿತ್ತು. ಅಲ್ಲಿಂದ ದಾರಿ ತಿರುಗಿತು.

ಕಾರ್ಯಕ್ರಮ ಮುಗಿದ ಮೇಲೆ ಜನ ‘ಇನ್ನೊಂದು’ ಎಂದು ಕೂಗಿದರೂ ಮತ್ತೆ ವೇದಿಕೆ ಹತ್ತುವುದು ಈ ತಂಡಕ್ಕೆ ಇಷ್ಟವಿರಲಿಲ್ಲ. ಹಾಗಾದರೆ ಗುಂಡಿ ಒತ್ತಿದರೆ ಯಂತ್ರಗಳೇ ನುಡಿಸುವಂಥ ಒಂದು ತುಣುಕು ಇರಲಿ ಎಂಬ ಯೋಚನೆಯಿಂದ ಈ ಹಾಡು ಹುಟ್ಟಿತು ಎಂದು ತಂಡದವರು ಹೇಳಿಕೊಂಡಿದ್ದಾರೆ. ಆದರೆ ಆ ಯಂತ್ರಗಳನ್ನು ಒಟ್ಟಿಗೆ ಓಡಿಸುವುದು ಆಗಿನ ಕಾಲಕ್ಕೆ ಗುಂಡಿ ಒತ್ತಿದಷ್ಟು ಸುಲಭವಾಗಿರಲಿಲ್ಲ. ಇಂದು ನಾನು ಒಂದು ಕೇಬಲ್ ಚುಚ್ಚಿದರೆ ನನ್ನ ಪ್ಯಾಡ್ ಪಕ್ಕದವರ ಕೀಬೋರ್ಡಿನ ಜೊತೆ ಮಾತಾಡುತ್ತದೆ. ಇದಕ್ಕೆ ಕಾರಣವಾದ ‘ಮಿಡಿ’ ವ್ಯವಸ್ಥೆ ಬಂದದ್ದೇ 1983ರಲ್ಲಿ. ನ್ಯೂ ಆರ್ಡರ್ ಲಂಡನ್ನಿನ ಬ್ರಿಟಾನಿಯಾ ರೋ ಸ್ಟುಡಿಯೋದಲ್ಲಿ ಈ ಹಾಡನ್ನು ಮುದ್ರಿಸುವಾಗ ಅದಿನ್ನೂ ಬಳಕೆಗೆ ಬಂದಿರಲಿಲ್ಲ. ಡ್ರಮ್ ಯಂತ್ರ ಒಬರ್‌ಹೈಮ್ ಕಂಪನಿಯ ಡಿಎಂಎಕ್ಸ್, ಬಾಸ್ ನುಡಿಸುವ ಸಿಂಥಸೈಜರ್ ಮೂಗ್ ಕಂಪನಿಯದು, ಸ್ವರಗಳನ್ನು ಸಾಲಾಗಿ ನೆನಪಿಟ್ಟುಕೊಂಡು ನುಡಿಸುವ ಸೀಕ್ವೆನ್ಸರನ್ನು ಬಿಡಿಭಾಗಗಳ ಕಿಟ್ ತರಿಸಿ ಸಮ್ನರ್ ತಾವೇ ಬೆಸುಗೆ ಹಾಕಿ ಜೋಡಿಸಿದ್ದರು. ಒಂದರ ಭಾಷೆ ಇನ್ನೊಂದಕ್ಕೆ ತಿಳಿಯದ ಪೆಟ್ಟಿಗೆಗಳು ಇವು. ಅವೆಲ್ಲ ಒಂದೇ ಲಯದಲ್ಲಿ ನಿಲ್ಲುವಂತೆ ಮಾಡಲು ಎಷ್ಟು ತಾಳ್ಮೆ ಬೇಕಾಗಿರಬಹುದು ಎಂಬುದು ವೇದಿಕೆಯ ಹಿಂದೆ ವೈರು ಹಿಡಿದು ಕೂತವರಿಗೆ ಗೊತ್ತು.

ಈಗ ಹಾಡು ಶುರುವಾಗುವ ಕಿಕ್ ಡ್ರಮ್, ಅಂದರೆ ಕಾಲಿನ ಪೆಡಲಿನಿಂದ ಬಾರಿಸುವ ದೊಡ್ಡ ಡ್ರಮ್ಮಿನ ದನಿ. ಮೊದಲು ಬಿಡಿ ಹೊಡೆತಗಳು, ಹಿಂದೆಯೇ ಒಂದೇ ಉಸಿರಿಗೆ ಉರುಳುವ ಒಂದು ಸಾಲು. ಲಯ ನಿಮಿಷಕ್ಕೆ ಸುಮಾರು 130 ಮಾತ್ರೆ. ಆ ಸಾಲಿನಲ್ಲಿ ಪ್ರತಿ ಮಾತ್ರೆಗೂ ನಾಲ್ಕು ಪೆಟ್ಟು, ಅಂದರೆ ಸೆಕೆಂಡಿಗೆ ಎಂಟಕ್ಕೂ ಹೆಚ್ಚು. ಇದನ್ನು ನಾನು ಪ್ಯಾಡಿನ ಮೇಲೆ ಎರಡು ಕೋಲಿನಲ್ಲಿ ನುಡಿಸುತ್ತೇನೆ. ಎಡಗೈಯ ಪೆಟ್ಟು ತುಸು ಮೆತ್ತಗೆ ಬೀಳುತ್ತದೆ, ಅದರಿಂದ ಸಾಲಿನಲ್ಲಿ ಸಣ್ಣ ಅಲೆ ಏಳುತ್ತದೆ. ರೆಕಾರ್ಡಿನಲ್ಲಿ ಅಂಥ ಅಲೆ ಇಲ್ಲ, ಪ್ರತಿ ಪೆಟ್ಟಿಗೂ ಒಂದೇ ತೂಕ. ಮನುಷ್ಯರ ಕಾಲು ಒಂದೇ ಪೆಡಲಿನಲ್ಲಿ ಇಷ್ಟು ಸಮನಾಗಿ ಒದೆಯಲಾರದು. ಅಮೆರಿಕದ ಡಿಸ್ಕೋ ಗಾಯಕಿ ಡೋನಾ ಸಮ್ಮರ್ ಅವರ ಹಾಡೊಂದರ ಡ್ರಮ್ ಕೇಳಿ ಈ ಕಲ್ಪನೆ ಹೊಳೆಯಿತಂತೆ. ಮಾರಿಸ್ ತಾಳವನ್ನೆಲ್ಲ ಯಂತ್ರಕ್ಕೆ ತುಂಬಿಸಿ ಮುಗಿಸಿದ್ದರು. ಅಷ್ಟರಲ್ಲಿ ಕಾಲು ತಾಗಿ ವಿದ್ಯುತ್ ವೈರು ಕಿತ್ತುಬಂದು ಎಲ್ಲವೂ ಅಳಿಸಿಹೋಯಿತು. ಮೊದಲಿನಿಂದ ಮತ್ತೆ ತುಂಬಿಸಬೇಕಾಯಿತು. ಅಳಿಸಿಹೋದದ್ದೇ ಇನ್ನೂ ಚೆನ್ನಾಗಿತ್ತು ಎಂದು ಹುಕ್ ಹೇಳುತ್ತಾರೆ. ಈ ಮಾತು ಓದಿದಾಗ ನನಗೆ ನಿಜವಾಗಿಯೂ ಸಂಕಟವಾಯಿತು.

ಗಿಲಿಯನ್ ಗಿಲ್ಬರ್ಟ್ ಅವರ ಪಾಲಿನ ಕೆಲಸದ ಬಗ್ಗೆ ಯಾರೂ ಸಾಕಷ್ಟು ಮಾತಾಡುವುದಿಲ್ಲ. ಹಾಡಿನ ಸ್ವರಗಳನ್ನು ಒಂದೊಂದಾಗಿ ಸೀಕ್ವೆನ್ಸರಿಗೆ ತುಂಬಿಸುವ ಹೊಣೆ ಅವರದು. ಎ4 ಹಾಳೆಗಳನ್ನು ಒಂದಕ್ಕೊಂದು ಟೇಪು ಹಚ್ಚಿ ಜೋಡಿಸಿ, ಸ್ಟುಡಿಯೋದ ಉದ್ದಕ್ಕೂ ಹಾಸಿ, ಅದನ್ನು ನೋಡಿಕೊಂಡು ಅವರು ತುಂಬಿಸುತ್ತಿದ್ದರು. ಸ್ವೆಟರ್ ಹೆಣೆಯುವವರ ನಕ್ಷೆಯ ಹಾಗೆ ಕಾಣುತ್ತಿತ್ತು ಎಂದು ಅವರೇ ನೆನಪಿಸಿಕೊಂಡಿದ್ದಾರೆ. ಈ ಭರದಲ್ಲಿ ಒಂದು ಸ್ವರ ಬಿಟ್ಟುಹೋಯಿತು. ಅದರಿಂದ ಕೀಬೋರ್ಡಿನ ರಾಗದ ಸಾಲು ತಾಳದಿಂದ ತುಸು ಜಾರಿ ನಿಂತಿತು. ಹಾಗೆಯೇ ಉಳಿಸಿಕೊಂಡರು. ತಾಳ ಒಂದು ಕಡೆ ಎಳೆಯುತ್ತದೆ, ರಾಗ ಇನ್ನೊಂದು ಕಡೆ ವಾಲುತ್ತದೆ. ಗಾಯಕನಿಲ್ಲದ ಆ ಎರಡು ನಿಮಿಷ ಬೇಸರ ತರಿಸದಿರುವುದಕ್ಕೆ ದೊಡ್ಡ ಕಾರಣ ಈ ಜಾರುವಿಕೆ ಎಂದು ನಾನು ನಂಬುತ್ತೇನೆ. ಕಿವಿ ಅದನ್ನು ಸರಿಹೊಂದಿಸಲು ಹೆಣಗುತ್ತಿರುವಾಗ ಕಾಲು ಕುಣಿಯುತ್ತಿರುತ್ತದೆ.

ಇಷ್ಟರ ಮೇಲೆ ಹುಕ್ ಅವರ ಬಾಸ್ ಗಿಟಾರ್ ಬರುತ್ತದೆ. ಸಾಮಾನ್ಯವಾಗಿ ಬಾಸ್ ಇರುವ ತಗ್ಗಿನಲ್ಲಿ ಅಲ್ಲ, ಮೇಲಿನ ಸ್ಥಾಯಿಯಲ್ಲಿ. ಇಟಲಿಯ ಎನ್ನಿಯೋ ಮೊರಿಕೋನೆ ಕೌಬಾಯ್ ಚಿತ್ರಗಳಿಗೆ ಕೊಟ್ಟ ಸಂಗೀತದ ಪ್ರಭಾವ ಅದರಲ್ಲಿದೆ. ಡಿಸ್ಕೋ ಆಗಿ ಮುಗಿದುಹೋಗಬಹುದಾಗಿದ್ದ ಹಾಡನ್ನು ರಾಕ್ ಕಡೆಗೆ ಎಳೆದು ತಂದದ್ದು ಈ ತಂತಿಗಳು.

ಫ್ಯಾಕ್ಟರಿ ರೆಕಾರ್ಡ್ಸ್ ಇದನ್ನು 1983ರ ಮಾರ್ಚ್ 7ರಂದು ಬಿಡುಗಡೆ ಮಾಡಿತು. 7 ಇಂಚಿನ ಮಾಮೂಲಿ ರೆಕಾರ್ಡ್ ಇಲ್ಲ, 12 ಇಂಚಿನದು ಮಾತ್ರ. ಏಳೂವರೆ ನಿಮಿಷದ ಹಾಡು ರೇಡಿಯೋಗೆ ತೀರ ಉದ್ದ. ಹೊದಿಕೆಯ ಮೇಲೆ ತಂಡದ ಹೆಸರನ್ನಾಗಲಿ ಹಾಡಿನ ಹೆಸರನ್ನಾಗಲಿ ಅಕ್ಷರದಲ್ಲಿ ಬರೆದಿರಲಿಲ್ಲ. ವಿನ್ಯಾಸಕಾರ ಪೀಟರ್ ಸ್ಯಾವಿಲ್ ತಂಡದವರ ಬಳಿ ಫ್ಲಾಪಿ ಡಿಸ್ಕ್ ಒಂದನ್ನು ಕಂಡು, ಹೊದಿಕೆಯನ್ನು ಅದರಂತೆಯೇ ರೂಪಿಸಿದ್ದರು. ಅಂಚಿನಲ್ಲಿ ಬಣ್ಣದ ಚೌಕಗಳ ಸಂಕೇತ, ಮೈಯಲ್ಲಿ ಕತ್ತರಿಸಿದ ರಂಧ್ರಗಳು. ಆ ಕತ್ತರಿಸುವ ಖರ್ಚು ಎಷ್ಟಿತ್ತೆಂದರೆ ಒಂದೊಂದು ಪ್ರತಿ ಮಾರಿದಾಗಲೂ ನಷ್ಟವಾಗುತ್ತಿತ್ತು ಎಂದು ಹುಕ್ ಹೇಳಿದ್ದಾರೆ.

ಮಾರ್ಚ್ ಕೊನೆಯಲ್ಲಿ ಬಿಬಿಸಿಯ ‘ಟಾಪ್ ಆಫ್ ದ ಪಾಪ್ಸ್’ ಕಾರ್ಯಕ್ರಮಕ್ಕೆ ಹೋದರು. ಅಲ್ಲಿ ಮುದ್ರಿತ ಹಾಡಿಗೆ ತುಟಿ ಆಡಿಸುವುದು ರೂಢಿ. ಇವರು ಹಟ ಹಿಡಿದು ನೇರವಾಗಿ ನುಡಿಸಿದರು. ಸ್ಟುಡಿಯೋದಲ್ಲಿ ಪಳಗಿದ ಯಂತ್ರಗಳು ಅಲ್ಲಿ ಸರಿಯಾಗಿ ಒಗ್ಗಲಿಲ್ಲ, ಹಾಡು ಸೊರಗಿತು. ಆ ಹಟವನ್ನು ನಾನು ಪೂರಾ ಮೆಚ್ಚುತ್ತೇನೆ. ವಸಂತದಲ್ಲಿ ಹಾಡು 12ನೇ ಸ್ಥಾನದವರೆಗೆ ಬಂದು ನಿಂತಿತು. ಸಾಮಾನ್ಯವಾಗಿ ಅಲ್ಲಿಗೆ ಕತೆ ಮುಗಿಯುತ್ತದೆ. ಆದರೆ ಕ್ಲಬ್ಬುಗಳಲ್ಲಿ ಡಿಜೆಗಳು ಅದನ್ನು ಬಿಡಲಿಲ್ಲ. ಬೇಸಿಗೆ ರಜೆಗೆಂದು ಯುರೋಪಿನ ಕಡಲತೀರಗಳಿಗೆ ಹೋದ ಬ್ರಿಟಿಷರು ಅಲ್ಲಿಯ ಡಿಸ್ಕೋಗಳಲ್ಲೂ ಅದನ್ನೇ ಕೇಳಿ, ಊರಿಗೆ ಬಂದು ಅಂಗಡಿಗಳಲ್ಲಿ ಹುಡುಕಿ ಕೊಂಡರು. ಅಕ್ಟೋಬರಿನಲ್ಲಿ, ಬಿಡುಗಡೆಯಾಗಿ ಏಳು ತಿಂಗಳಾದ ಮೇಲೆ, ಅದು 9ನೇ ಸ್ಥಾನಕ್ಕೆ ಏರಿತು. ಜಾಹೀರಾತಿನಿಂದ ಇದು ಆಗುವಂಥದ್ದಲ್ಲ. ಅತಿ ಹೆಚ್ಚು ಮಾರಾಟವಾದ 12 ಇಂಚಿನ ಸಿಂಗಲ್ ಎಂಬ ಹೆಸರು ಇಂದಿಗೂ ಇದಕ್ಕೇ ಇದೆ. ಆದರೂ ಆ ಕಾಲದಲ್ಲಿ ಹೆಚ್ಚು ಮಾರಾಟಕ್ಕೆ ಕೊಡುವ ಚಿನ್ನದ ರೆಕಾರ್ಡ್ ಗೌರವ ಬರಲಿಲ್ಲ, ಏಕೆಂದರೆ ಅದನ್ನು ಕೊಡುವ ಬ್ರಿಟನ್ನಿನ ಧ್ವನಿಮುದ್ರಣ ಸಂಘಕ್ಕೆ ಫ್ಯಾಕ್ಟರಿ ಕಂಪನಿ ಸದಸ್ಯನೇ ಆಗಿರಲಿಲ್ಲ.

1988ರಲ್ಲಿ ಅಮೆರಿಕದ ಸಂಗೀತ ನಿರ್ಮಾಪಕ ಕ್ವಿನ್ಸಿ ಜೋನ್ಸ್ ಉಸ್ತುವಾರಿಯಲ್ಲಿ ಹೊಸ ರೀಮಿಕ್ಸ್ ಬಂತು. ಚಿಕ್ಕದಾಗಿ, ಚುರುಕಾಗಿ ಮಾಡಿದ ಅದು ಬ್ರಿಟನ್ನಿನಲ್ಲಿ 3ನೇ ಸ್ಥಾನ ಮುಟ್ಟಿತು, ಮೂಲಕ್ಕಿಂತ ಮೇಲೆ. ಕೇಳಲು ಅದೂ ಚೆನ್ನಾಗಿದೆ. ಆದರೂ ಮೊದಲ ಸಲ ಕೇಳುವವರು 1983ರದ್ದನ್ನೇ ಕೇಳಬೇಕು, ಅದೂ ಮೊಬೈಲಿನ ಸ್ಪೀಕರಿನಲ್ಲಿ ಅಲ್ಲ. ಅದರಲ್ಲಿ ಕಿಕ್ ಡ್ರಮ್ಮಿನ ಅರ್ಧ ದನಿ ಸತ್ತೇ ಹೋಗುತ್ತದೆ. ದೊಡ್ಡ ಬಾಕ್ಸ್ ಇರುವ ಸೌಂಡ್ ಸಿಸ್ಟಂ ಸಿಕ್ಕರೆ ಬಿಡಬೇಡಿ.