ಏಳು ಕೊಟ್ಟರೆ ಸೊನ್ನೆ

ನಮ್ಮ ಸಾಫ್ಟ್‌ವೇರ್ ಕಂಪನಿಯಲ್ಲಿ ವರ್ಷಕ್ಕೊಮ್ಮೆ ಸರ್ವೆ ಬರುತ್ತದೆ. ಕೆಲಸದ ವಾತಾವರಣ ಹೇಗಿದೆ, ಮ್ಯಾನೇಜರ್ ನಿಮ್ಮ ಮಾತು ಕೇಳಿಸಿಕೊಳ್ಳುತ್ತಾರಾ, ಬೆಳೆಯೋಕೆ ಅವಕಾಶ ಇದೆಯಾ, ಹೀಗೆ ಉದ್ದಕ್ಕೆ ಪ್ರಶ್ನೆಗಳು. ಯಾರು ಬರೆದದ್ದು ಅಂತ ಗೊತ್ತಾಗುವುದಿಲ್ಲ, ಧೈರ್ಯವಾಗಿ ಬರೆಯಿರಿ ಅಂತ ಮೇಲ್‌ನಲ್ಲಿ ದಪ್ಪ ಅಕ್ಷರದಲ್ಲಿ ಹಾಕಿರುತ್ತಾರೆ. ಎರಡು ದಿನ ಬಿಟ್ಟು "ನೀವಿನ್ನೂ ತುಂಬಿಲ್ಲ" ಅಂತ ನನ್ನ ಹೆಸರು ಹಿಡಿದೇ ಇನ್ನೊಂದು ಮೇಲ್ ಬರುತ್ತದೆ. ತುಂಬಿದ್ದಾರಾ ಇಲ್ಲವಾ ಅನ್ನೋದು ಬೇರೆ, ಏನು ತುಂಬಿದ್ದಾರೆ ಅನ್ನೋದು ಬೇರೆ. ಸಾಫ್ಟ್‌ವೇರ್ ಇವೆರಡನ್ನೂ ಬೇರೆಬೇರೆ ಇಡಬಹುದು. ನಾನು ಟೆಸ್ಟಿಂಗ್‌ನವಳು, ನನಗೆ ಗೊತ್ತು. ಆದರೆ ನಮ್ಮ ಟೀಮ್‌ನ ಹುಡುಗರಿಗೆ ಎಷ್ಟು ಹೇಳಿದರೂ ನಂಬಿಕೆ ಬರೋದಿಲ್ಲ. ಬರೆಯೋ ಜಾಗದಲ್ಲಿ ಎಲ್ಲರೂ "ಆಲ್ ಗುಡ್" ಅಂತ ಹಾಕಿ ಮುಗಿಸುತ್ತಾರೆ.

ಹೆಡ್ ಆಫೀಸ್ ಬೆಂಗಳೂರಿನಲ್ಲಿ, ನಾವು ಬೆಳಗಾವಿ ಬ್ರಾಂಚ್. ಉದ್ಯಮಬಾಗ್ ಕಡೆ ಒಂದು ಕಟ್ಟಡದ ಎರಡನೇ ಮಹಡಿ. ಮುಕ್ಕಾಲು ಪಾಲು ಜನ ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೈಕೆಳಗಿನ ಕಾಲೇಜುಗಳಲ್ಲಿ ಓದಿದವರು. ಉಳಿದವರಲ್ಲಿ ನನ್ನ ಹಾಗೆ ಪುಣೆಯಲ್ಲೋ ಬೆಂಗಳೂರಲ್ಲೋ ಕೆಲವು ವರ್ಷ ದುಡಿದು, ಮನೆಯಲ್ಲಿ ಅಪ್ಪ ಅಮ್ಮನಿಗೆ ವಯಸ್ಸಾಯಿತು ಅಂತ ವಾಪಸ್ ಬಂದವರೇ ಜಾಸ್ತಿ.

ಕಳೆದ ಸಲದ ಸರ್ವೆ ಮುಗಿದ ಮೇಲೆ ಆನ್‌ಲೈನ್ ಮೀಟಿಂಗ್‌ನಲ್ಲಿ ಒಂದು ಸ್ಲೈಡ್ ತೋರಿಸಿದರು. ಬ್ರಾಂಚ್‌ಗಳ ಹೆಸರು, ಪಕ್ಕದಲ್ಲಿ ಬಣ್ಣ. ನಮ್ಮದು ಕೆಂಪು. ಬೆಳಗಾವಿಯಲ್ಲಿ ಏನು ತೊಂದರೆ ಅಂತ ದೊಡ್ಡವರು ಚಿಂತೆಯ ದನಿಯಲ್ಲಿ ಕೇಳಿದರು. ನಾವು ಮುಖ ಮುಖ ನೋಡಿಕೊಂಡೆವು. ಕೆಂಪಾಗುವಂಥದ್ದು ಯಾರೂ ಬರೆದಿರಲಿಲ್ಲ!

ಆಮೇಲೆ ಕೂತು ನೋಡಿದಾಗ ಲೆಕ್ಕ ಸಿಕ್ಕಿತು. ಆ ಬಣ್ಣ ಒಂದೇ ಪ್ರಶ್ನೆಯಿಂದ ಬರುತ್ತದೆ: ಈ ಕಂಪನಿಗೆ ಸೇರು ಅಂತ ನಿಮ್ಮ ಸ್ನೇಹಿತರಿಗೆ ಹೇಳುತ್ತೀರಾ, 0ಯಿಂದ 10ರೊಳಗೆ ಅಂಕ ಕೊಡಿ. 9, 10 ಕೊಟ್ಟವರು ಕಂಪನಿಯನ್ನು ಹೊಗಳುವವರು. 7, 8 ಕೊಟ್ಟವರು ಲೆಕ್ಕಕ್ಕೇ ಇಲ್ಲ. 6 ಮತ್ತು ಅದಕ್ಕಿಂತ ಕೆಳಗೆ ಕೊಟ್ಟವರೆಲ್ಲ ತೆಗಳುವವರು. ಹೊಗಳುವವರ ಶೇಕಡಾವಾರಿನಲ್ಲಿ ತೆಗಳುವವರದ್ದನ್ನು ಕಳೆದರೆ ಉಳಿಯೋದೇ ಸ್ಕೋರ್. ಫ್ರೆಡ್ ರೈಕ್‌ಹೆಲ್ಡ್ ಅನ್ನೋರು 2003ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಯಲ್ಲಿ ಬರೆದ ಲೆಕ್ಕ ಇದು. ಆಗ ಇದ್ದದ್ದು ಗಿರಾಕಿಗಳಿಗೆ. ಆಮೇಲೆ ಕಂಪನಿಗಳು ಅದನ್ನೇ ನೌಕರರಿಗೂ ತಂದು ಹಚ್ಚಿದವು. ಹತ್ತು ಜನ ಇದ್ದು ಹತ್ತೂ ಜನ 8 ಕೊಟ್ಟರೆ ಸ್ಕೋರ್ ಸೊನ್ನೆ. ಒಂಬತ್ತು ಜನ 7 ಕೊಟ್ಟು ಒಬ್ಬ 6 ಕೊಟ್ಟರೆ ಮೈನಸ್ 10.

ಇದನ್ನು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಹೇಳಿದೆ. ನಮ್ಮ ಜೂನಿಯರ್ ಹುಡುಗ, ಗೋಕಾಕ್ ಕಡೆಯವನು, ರೊಟ್ಟಿ ಮುರಿಯೋದು ಬಿಟ್ಟು ನನ್ನನ್ನೇ ನೋಡಿದ.

"ಅಕ್ಕಾರ, ಏಳು ಅಂದ್ರ ಡಿಸ್ಟಿಂಕ್ಷನ್ ಅಲ್ಲೇನ್ರಿ?"

ಹೌದಲ್ವಾ! ವಿಟಿಯುದಲ್ಲಿ 60 ಬಂದರೆ ಫಸ್ಟ್ ಕ್ಲಾಸ್, 70 ದಾಟಿದರೆ ಡಿಸ್ಟಿಂಕ್ಷನ್. ಎಂಜಿನಿಯರಿಂಗ್ ಗಣಿತದ ಪೇಪರ್ ಬರೆದು ರಿಸಲ್ಟ್‌ಗೆ ಕಾದವರಿಗೆ 70 ಅಂದರೇನು ಅಂತ ಬೇರೆ ಹೇಳಬೇಕಿಲ್ಲ. ನಮ್ಮ ಬ್ರಾಂಚಿನವರು ಕಂಪನಿಗೆ ಪ್ರೀತಿಯಿಂದಲೇ ಡಿಸ್ಟಿಂಕ್ಷನ್ ಕೊಟ್ಟಿದ್ದರು. ಕಂಪನಿ ಅದನ್ನು ಸೊನ್ನೆ ಅಂತ ಬರೆದುಕೊಂಡಿತು. ಫಸ್ಟ್ ಕ್ಲಾಸ್ ಕೊಟ್ಟವರು ಶತ್ರುಗಳ ಪಟ್ಟಿಗೆ ಸೇರಿದರು. ಹತ್ತಕ್ಕೆ ಹತ್ತು ಕೊಡೋದಂತೂ ನಮ್ಮ ಕಡೆ ಮುಖಸ್ತುತಿ ಅನ್ನಿಸುತ್ತದೆ, ಯಾರೂ ಕೊಡಲ್ಲ.

ಕೆಂಪು ಬಣ್ಣಕ್ಕೆ ಔಷಧಿ ಅಂತ ಫನ್ ಫ್ರೈಡೇ ಶುರುವಾಯಿತು. ಎರಡು ಬೀನ್ ಬ್ಯಾಗ್ ಬಂದವು. ಅದರಲ್ಲಿ ಒಂದರ ಮೇಲೆ ಈಗ ಪ್ರಿಂಟರ್ ಕಾಗದದ ಬಂಡಲ್‌ಗಳು ಕೂತಿವೆ.

ನಿಜವಾದ ತಕರಾರುಗಳು ಇಲ್ಲ ಅಂತ ಅಲ್ಲ, ಇವೆ. ಅವು ಬರೋದು ನಾಲ್ಕು ಗಂಟೆಯ ಚಹಾದ ಹೊತ್ತಿಗೆ, ಕೆಳಗೆ ರಸ್ತೆ ಬದಿಯ ಗಾಡಿಯ ಹತ್ತಿರ. ಅಲ್ಲಿ ಕನ್ನಡ, ಮರಾಠಿ, ಹಿಂದಿ ಮೂರೂ ಒಂದೇ ವಾಕ್ಯದಲ್ಲಿ ಬರುತ್ತವೆ. ಆಫೀಸ್ ಇಂಗ್ಲಿಷ್ ಮಾತ್ರ ಮೇಲೆಯೇ ಉಳಿದಿರುತ್ತದೆ.

ಒಂದು, ರಜೆಯ ಪಟ್ಟಿ. ಅದು ಬೆಂಗಳೂರಿನಲ್ಲಿ ತಯಾರಾಗುತ್ತದೆ, ಗಣೇಶ ಚೌತಿಗೆ ಒಂದು ದಿನ ಕೊಟ್ಟು ಮುಗಿಸುತ್ತಾರೆ. ಬೆಳಗಾವಿಯ ಹಬ್ಬ ಮುಗಿಯೋದು ಅನಂತ ಚತುರ್ದಶಿಗೆ. ಆವತ್ತು ಮೆರವಣಿಗೆ ಶುರುವಾದರೆ ಕಪಿಲೇಶ್ವರ ಹೊಂಡದಲ್ಲಿ ಗಣಪತಿ ಬಿಡೋದು ಮಾರನೇ ದಿನದವರೆಗೂ ನಡೆಯುತ್ತದೆ. ಊರೊಳಗಿನ ರಸ್ತೆ ಬಂದ್. ಶಹಾಪುರದಲ್ಲಿ ಮನೆ ಇರುವವರು ಗಾಡಿ ಹೊರಗೆ ತೆಗೆಯೋಕೂ ಆಗಲ್ಲ. ಇದು ಗೊತ್ತಿಲ್ಲದ ಯಾರೋ ಆ ದಿನವೇ ರಿಲೀಸ್ ಇಟ್ಟಿರುತ್ತಾರೆ.

ಎರಡನೆಯದು ಚಳಿಗಾಲದ ಕಾಲ್. ನಮ್ಮ ಕ್ಲೈಂಟ್ ಅಮೆರಿಕದ ಪೂರ್ವ ಕರಾವಳಿಯವರು. ಕಾಲ್ ಇರೋದು ಅವರ ಬೆಳಗಿನ 9 ಗಂಟೆಗೆ, ಬೇಸಿಗೆಯಲ್ಲಿ ನಮಗೆ ಅದು ಸಂಜೆ 6:30. ನವೆಂಬರ್ ಮೊದಲ ಭಾನುವಾರ ಅವರು ಗಡಿಯಾರ ಒಂದು ಗಂಟೆ ಹಿಂದೆ ತಿರುಗಿಸುತ್ತಾರೆ. ಮಾರನೇ ದಿನದಿಂದ ನಮಗೆ ಅದು 7:30. ಕಾಲ್ ಮುಗಿಯೋಕೆ ಎಂಟೂವರೆ. ಬೆಳಗ್ಗೆ ಒಂಬತ್ತೂವರೆಗೆ ಬಂದವರು. ರಾಜ್ಯದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದ್ದು, ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಅನ್ನುತ್ತದೆ. ನಮ್ಮಲ್ಲಿ ಯಾರೂ ಆ ಲೆಕ್ಕ ಹಿಡಿದು ಜಗಳ ಮಾಡಿದವರಲ್ಲ. ತೊಂದರೆ ಇರೋದು ಮನೆಗೆ ಹೋಗೋದರಲ್ಲಿ. ಬೆಂಗಳೂರಿನವರಿಗೆ ಕಂಪನಿ ಕ್ಯಾಬ್ ಇದೆ. ಬೆಳಗಾವಿ ಚಿಕ್ಕ ಊರು, ಎಲ್ಲ ಹತ್ತಿರ, ಕ್ಯಾಬ್ ಯಾಕೆ ಅಂತ ನಮಗೆ ಕೊಟ್ಟಿಲ್ಲ. ಡಿಸೆಂಬರ್ ಚಳಿಯಲ್ಲಿ ರಾತ್ರಿ ಒಂಬತ್ತಕ್ಕೆ ಸ್ಕೂಟಿ ಮೇಲೆ ಮೂರನೇ ರೈಲ್ವೆ ಗೇಟ್ ದಾಟಿ ಬರುವ ಹುಡುಗಿಯರನ್ನು ಕೇಳಿದರೆ ಊರು ಎಷ್ಟು ಚಿಕ್ಕದು ಅಂತ ಹೇಳುತ್ತಾರೆ.

ಮೂರನೆಯದನ್ನು ಯಾರೂ ಜೋರಾಗಿ ಹೇಳೋದಿಲ್ಲ. ಸಂಬಳ. ಅದೇ ಕೋಡ್, ಅದೇ ಕ್ಲೈಂಟ್, ಬೆಂಗಳೂರಿನವರಿಗೆ ಜಾಸ್ತಿ, ನಮಗೆ ಕಡಿಮೆ. ಕೇಳಿದರೆ ಬರುವ ಉತ್ತರ ಒಂದೇ: "ಊರಲ್ಲೇ ಕೆಲಸ ಸಿಕ್ಕಿದೆ ಅಲ್ವಾ? ಬಾಡಿಗೆ ಇಲ್ಲ, ಟ್ರಾಫಿಕ್ ಇಲ್ಲ." ಮಾತು ಸುಳ್ಳಲ್ಲ. ನಾನು ಅಪ್ಪನ ಜೊತೆ ರಾತ್ರಿ ಊಟ ಮಾಡುತ್ತೇನೆ, ರಾಣಿ ಚೆನ್ನಮ್ಮ ರೈಲಿನ ತತ್ಕಾಲ್ ಟಿಕೆಟ್‌ಗೆ ಒದ್ದಾಡೋದು ತಪ್ಪಿದೆ. ಆದರೆ ಊರು ನನ್ನದು, ಕಂಪನಿ ಕೊಟ್ಟಿದ್ದಲ್ಲ. ಅಪ್ಪನ ಮನೆಯಲ್ಲಿ ಇರೋದನ್ನು ನನ್ನ ಸಂಬಳದಲ್ಲಿ ಯಾಕೆ ಮುರಿದುಕೊಳ್ಳಬೇಕು? ಇಷ್ಟು ಕೇಳಿದರೆ ಉಪಕಾರ ಮರೆತವರ ಹಾಗೆ ನೋಡುತ್ತಾರೆ. ವಾಪಸ್ ಬಂದವರು ಮತ್ತೆ ಬಿಟ್ಟು ಹೋಗಲ್ಲ ಅನ್ನೋದು ಅವರಿಗೂ ಗೊತ್ತು. ನಮ್ಮ ಬ್ರಾಂಚಿನಲ್ಲಿ ರಾಜೀನಾಮೆ ಕಡಿಮೆ ಅಂತ ಅದೇ ಮೀಟಿಂಗ್‌ನ ಇನ್ನೊಂದು ಸ್ಲೈಡ್‌ನಲ್ಲಿ ಹಸಿರು ಬಣ್ಣ ಹಾಕಿದ್ದರು. ಖುಷಿಯಾಗಿ ಕೊಟ್ಟ ಏಳಕ್ಕೆ ಕೆಂಪು, ಬೇರೆ ದಾರಿ ಇಲ್ಲದೆ ಉಳಿದಿದ್ದಕ್ಕೆ ಹಸಿರು.

ಕ್ಯಾಬ್ ಇನ್ನೂ ಬಂದಿಲ್ಲ. ವಿಸರ್ಜನೆಯ ದಿನ ಈಗ ಐಚ್ಛಿಕ ರಜೆಯ ಪಟ್ಟಿಯಲ್ಲಿದೆ. ಅದೂ ಸರ್ವೆಯಿಂದ ಆಗಿದ್ದಲ್ಲ. ಬೆಂಗಳೂರಿನ ಒಬ್ಬ ಡೈರೆಕ್ಟರ್ ಆ ಹೊತ್ತಿಗೇ ಇಲ್ಲಿಗೆ ಬಂದು ಹೋಟೆಲ್‌ನಿಂದ ಆಫೀಸಿಗೆ ಬರೋಕಾಗದೆ ಸಿಕ್ಕಿಹಾಕಿಕೊಂಡರು, ಅದರಿಂದ ಆಗಿದ್ದು.

ಕಾಲ್‌ನ ವಿಷಯಕ್ಕೆ ನಮ್ಮ ಟೀಮ್ ಲೀಡ್ ಗಟ್ಟಿ ಮನಸ್ಸು ಮಾಡಿದರು. ಕಳೆದ ನವೆಂಬರ್‌ನಲ್ಲಿ ನೇರವಾಗಿ ಕ್ಲೈಂಟ್ ಕಡೆಯ ಹೆಂಗಸಿಗೇ ಕೇಳಿಬಿಟ್ಟರು: ಚಳಿಗಾಲದಲ್ಲಿ ನಿಮ್ಮ ಎಂಟಕ್ಕೆ ಇಟ್ಟುಕೊಳ್ಳೋಣವಾ? ಆಕೆ ಮಗುವನ್ನು ಶಾಲೆಗೆ ಬಿಡೋದು ಎಂಟೂವರೆಗಂತೆ, ಅದಕ್ಕೆ ಮುಂಚೆ ಆದರೆ ತನಗೇ ಅನುಕೂಲ ಅಂದಳು. ಇಷ್ಟು ವರ್ಷ ಯಾಕೆ ಕೇಳಲಿಲ್ಲ ಅಂತಲೂ ಅಂದಳು. ಈಗ ಕಾಲ್ ಸಂಜೆ 6:30ಕ್ಕೆ ಶುರುವಾಗಿ ಏಳಕ್ಕೆ ಮುಗಿಯುತ್ತದೆ, ಯಾಕೆಂದರೆ ಆಕೆಗೇ ಹೊರಡೋ ಗಡಿಬಿಡಿ.

"ಸಂಬಳದ್ದೂ ಅಕೀಗೇ ಕೇಳೂಣೇನ್ರಿ ಸರ?" ಅಂದ ಗೋಕಾಕಿನ ಹುಡುಗ. ಲೀಡ್ ನಕ್ಕರು, ಚಹಾದ ದುಡ್ಡು ಕೊಟ್ಟು ಮೇಲೆ ಹೋದರು. ಅಪ್ರೈಸಲ್ ಏಪ್ರಿಲ್‌ನಲ್ಲಿದೆ.