ರ್ಯಾಕಿನಲ್ಲಿ ಉಳಿದ ಸೈಕಲ್

ನಮ್ಮ ಟ್ರಯಾಥ್ಲಾನ್ ಕ್ಲಬ್ಬಿನ ಕಮಿಟಿಯವರಿಗೆ ಆ್ಯಪ್ ಅಂದ್ರೆ ಪ್ರಾಣ. ಹಾಜರಿಗೆ ಒಂದು ಆ್ಯಪ್, ಫೀಸಿಗೆ ಇನ್ನೊಂದು, ಟೈಮಿಂಗಿಗೆ ಮತ್ತೊಂದು. ನೆಟ್‌ವರ್ಕ್ ವಿಷಯ ಮಾತ್ರ ಕೇಳಬೇಡಿ. ಕೊಡಗಿನ ಸಿದ್ದಾಪುರದ ಕಡೆ ರಸ್ತೆ ಬಿಟ್ಟು ತೋಟದೊಳಗೆ ಎರಡು ತಿರುವು ಹೋದರೆ ಫೋನಿನಲ್ಲಿ ಉಳಿಯುವುದು ಟಾರ್ಚು, ಕ್ಯಾಮೆರಾ ಅಷ್ಟೇ. ಈ ವರ್ಷದ ಮಾಕ್ ರೇಸ್, ಅಂದರೆ ಅಭ್ಯಾಸದ ರೇಸ್, ನಡೆದದ್ದು ಅಂಥದ್ದೇ ಒಂದು ತೋಟದ ಕೆರೆಯಲ್ಲಿ.

ನಾನು ಸಂಬಳಕ್ಕಿರುವ ಕೋಚ್. ಬರುವವರು ಎಲ್ಲ ಥರದವರು. ಬೆಳೆಗಾರರು, ಬ್ಯಾಂಕಿನವರು, ಪಿಟಿ ಮೇಷ್ಟ್ರು, ರಜೆಗೆ ಬಂದ ಜವಾನರು. ಎಲ್ಲರ ಕಣ್ಣೂ ಗೋವಾದ ಮೇಲೆ. 2019ರಲ್ಲಿ ಅಲ್ಲಿ ಐರನ್‌ಮ್ಯಾನ್ 70.3 ಟ್ರಯಾಥ್ಲಾನ್ ಶುರುವಾದ ಮೇಲೆ ಇಲ್ಲಿ ಒಬ್ಬರನ್ನು ನೋಡಿ ಒಬ್ಬರು ಸೈಕಲ್ ತಗೊಂಡರು. 1.9 ಕಿ.ಮೀ. ಸಮುದ್ರದ ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ. ಸೈಕಲ್ಲಿನ ಚಿಂತೆ ನಮಗಿಲ್ಲ. ಕುಶಾಲನಗರದಿಂದ ಸುಂಟಿಕೊಪ್ಪ ದಾಟಿ ಮಡಿಕೇರಿಗೆ ವಾರವಾರ ಹತ್ತಿದವರ ಕಾಲು ತಾನಾಗಿಯೇ ಗಟ್ಟಿಯಾಗುತ್ತದೆ. ಓಟಕ್ಕೆ ತೋಟದ ದಾರಿಗಳಿವೆ. ಹಿಂದಿನ ರಾತ್ರಿ ಆನೆ ಎಲ್ಲಿತ್ತು ಅಂತ ಕೇಳಿಕೊಂಡು ಹೊರಟರೆ ಸಾಕು.

ತೊಂದರೆ ಈಜಿನದ್ದು. ಈಜು ಬರುವುದಿಲ್ಲ ಅಂತಲ್ಲ. ಹೊಳೆ, ಕೆರೆಯಲ್ಲಿ ಬಿದ್ದು ಬೆಳೆದವರೇ ಜಾಸ್ತಿ. ತಲೆ ಮೇಲೆತ್ತಿಕೊಂಡು ಅರ್ಧ ಗಂಟೆ ಆರಾಮಾಗಿ ಈಜುತ್ತಾರೆ. ಆದರೆ ಮುಖ ನೀರಿಗಿಟ್ಟು, ಪಕ್ಕದವರ ಮೊಣಕೈ ಕಿವಿಗೆ ಬಡಿಯುತ್ತಿರುವಾಗ ಉಸಿರಾಡುವುದು ಬೇರೆಯೇ ವಿದ್ಯೆ. ಅಮೆರಿಕದಲ್ಲಿ 1985ರಿಂದ 2016ರವರೆಗೆ ಟ್ರಯಾಥ್ಲಾನ್‌ನಲ್ಲಿ ಆದ ಸಾವು, ಹೃದಯಸ್ತಂಭನಗಳನ್ನು ಒಟ್ಟುಮಾಡಿದ ಒಂದು ಅಧ್ಯಯನ 2017ರಲ್ಲಿ ಬಂತು. ಸಿಕ್ಕ 135 ಪ್ರಕರಣಗಳಲ್ಲಿ 90 ಈಜಿನ ಹೊತ್ತಿನವು. ಕಮಿಟಿಗೆ ಇದನ್ನು ಹೇಳಿ ಈಜುವವರ ಕಾವಲಿಗೆ ಎರಡು ಕಯಾಕ್ (ಚಿಕ್ಕ ದೋಣಿ) ಕೇಳಿದ್ದೆ. ಒಂದು ಕಯಾಕ್ ಬಂತು. ಜೊತೆಗೆ ಡ್ರೋನ್ ಬಂತು.

ಕಾಫಿ ಕುಯ್ಲು ಮುಗಿಯುವವರೆಗೆ ನಮ್ಮ ಅರ್ಧ ಜನ ಕೈಗೆ ಸಿಗುವುದಿಲ್ಲ. ಹಾಗಾಗಿ ಮಾಕ್ ಇಟ್ಟದ್ದು ಫೆಬ್ರವರಿ ಕೊನೆಗೆ. ಸ್ಪ್ರಿಂಟ್ ದೂರ. 750 ಮೀಟರ್ ಈಜು ಅಂದರೆ ಕೆರೆಯಲ್ಲಿ ಬಾಯ್ (ನೀರಿನ ಮೇಲೆ ತೇಲುವ ಗುರುತು) ಸುತ್ತ ಮೂರು ರೌಂಡ್. ಆದರೆ ಅದೇ ಹೊತ್ತಿಗೆ ರೊಬಸ್ಟಾಕ್ಕೆ ಹೂವಿನ ನೀರು ಕೊಡುತ್ತಾರಲ್ಲ, ವಾರವಿಡೀ ಸ್ಪ್ರಿಂಕ್ಲರ್ ಓಡಿ ಕೆರೆ ಇಳಿದುಹೋಗಿತ್ತು. ನಾನು ಮೊದಲು ಗುರುತು ಹಾಕಿದ್ದ ಎಕ್ಸಿಟ್ ಜಾಗದಲ್ಲಿ ಮೊಣಕಾಲುದ್ದ ಕೆಸರು. ಬೆಳಿಗ್ಗೆ ಅದನ್ನು ನೋಡಿ, ಏರಿಯ ಕಡೆ ಕಲ್ಲು ಕಟ್ಟಿದ್ದಲ್ಲಿ ಇನ್ನೊಂದು ಎಕ್ಸಿಟ್ ಮಾಡಿಸಿದೆ. ಹಳೆಯದನ್ನೂ ಮುಚ್ಚಲಿಲ್ಲ. ಮ್ಯಾಟ್ ಹಾಸಿ ಆಗಿತ್ತು, ಇರಲಿ ಬಿಡಿ ಅಂದೆ. ಎರಡೂ ಕಡೆ ಒಬ್ಬೊಬ್ಬ ವಾಲಂಟಿಯರ್, ಒಂದೊಂದು ಟ್ಯಾಬ್. ಚಿಕ್ಕ ಕೆರೆ, ಈ ದಡದಲ್ಲಿ ನಿಂತರೆ ಆ ದಡ ಕಾಣುತ್ತದೆ, ಇಲ್ಲಿ ಯಾರು ತಪ್ಪಿಸಿಕೊಳ್ಳುತ್ತಾರೆ ಅಂತ ನನ್ನ ಧೈರ್ಯ.

31 ಜನ ಕೆಂಪು ಕ್ಯಾಪ್ ಹಾಕಿಕೊಂಡು ನೀರಿಗಿಳಿದರು. ಎಲ್ಲ ಸರಿಯಾಗೇ ನಡೆಯಿತು. ಡ್ರೋನ್ ಹಾರಿತು, ಮನೆಯವರು ಚಪ್ಪಾಳೆ ತಟ್ಟಿದರು. ಕೊನೆಯವರು ಮೇಲೆ ಬಂದ ಮೇಲೆ ಎರಡೂ ಟ್ಯಾಬ್ ಕೂಡಿಸಿ ನೋಡಿದೆ. ಇನ್ 31, ಔಟ್ 31. ಕಯಾಕಿನ ಹುಡುಗನಿಗೆ ಕೈ ಮಾಡಿ ದಡಕ್ಕೆ ಬಾ ಅಂದೆ.

ಆಗ ಟಿ1ನಲ್ಲಿ, ಅಂದರೆ ಈಜು ಮುಗಿಸಿ ಸೈಕಲ್ ತೆಗೆದುಕೊಳ್ಳುವ ಜಾಗದಲ್ಲಿ, ಇದ್ದ ಪಿಯುಸಿ ಓದುವ ಹುಡುಗಿ ಬಂದು, "ಸಾರ್, ರ್ಯಾಕಲ್ಲಿ ಒಂದು ಸೈಕಲ್ ಇನ್ನೂ ಇದೆ" ಅಂದಳು.

"ಯಾರೋ ಎಕ್ಸ್‌ಟ್ರಾ ತಂದಿರ್ಬೇಕು ಬಿಡಮ್ಮ."

"ಬಿಬ್ ನಂಬರ್ ಅಂಟಿಸಿದೆ ಸಾರ್. ಶೂ ಕೂಡ ಇಲ್ಲೇ ಇದೆ. ಸಾಕ್ಸ್ ಒಳಗೇ ಇದೆ."

ಶೂ, ಸಾಕ್ಸ್ ಬಿಟ್ಟು ಸೈಕಲ್ ಹತ್ತುವವರು ನಮ್ಮಲ್ಲಿ ಯಾರೂ ಇಲ್ಲ. ಅಷ್ಟು ಸಾಕಿತ್ತು ಸೀಟಿ ಊದಲು. ನಾನು ಊದಲಿಲ್ಲ. ಟ್ಯಾಬ್ ತೆಗೆದುಕೊಂಡು ಪಟ್ಟಿಯನ್ನು ಮೇಲಿಂದ ಕೆಳಗೆ ಎಳೆಯುತ್ತಾ ನಿಂತೆ. 31 ಅಂತ ತೋರಿಸುತ್ತಿದೆಯಲ್ಲ, ಹಾಗಾದರೆ ಹುಡುಗಿಯೇ ತಪ್ಪು ಎಣಿಸಿರಬೇಕು ಅಂತ ನನ್ನ ಲೆಕ್ಕ. ಮುಳುಗುವವರು ಕೂಗುವುದಿಲ್ಲ, ಕೈ ಬೀಸುವುದಿಲ್ಲ, ನೀರಿನ ಮೇಲೆ ಒದ್ದಾಡುವುದು ಹೆಚ್ಚೆಂದರೆ 20ರಿಂದ 60 ಸೆಕೆಂಡ್. ಇದನ್ನು ಪ್ರತಿ ಬ್ಯಾಚಿಗೂ ಬೋರ್ಡ್ ಮೇಲೆ ಬರೆದು ಕಲಿಸುವವನು ನಾನೇ. ಆ ನಾನೇ ನೀರಿಗೆ ಬೆನ್ನು ಹಾಕಿ, ಬಿಸಿಲಿಗೆ ಕಾಣದ ಸ್ಕ್ರೀನಿಗೆ ಕೈ ಅಡ್ಡ ಹಿಡಿದುಕೊಂಡು ನಿಂತಿದ್ದೆ. ಕೊನೆಗೆ ಸಿಕ್ಕಿತು. ನಂಬರ್ 17 ಎರಡು ಸಲ. ಆ ಹುಡುಗ ಮೊದಲು ಕೆಸರಿನ ಎಕ್ಸಿಟ್‌ಗೆ ಬಂದ, ಅಲ್ಲಿದ್ದವರು ಒತ್ತಿದರು. ಕಾಲು ಹೂತು ವಾಪಸ್ ನೀರಿಗಿಳಿದು ಏರಿಯ ಕಡೆ ಬಂದ, ಅಲ್ಲಿಯೂ ಒತ್ತಿದರು. ನೆಟ್‌ವರ್ಕ್ ಇಲ್ಲದ ಎರಡು ಟ್ಯಾಬ್. ಒಂದು ಮಾಡಿದ್ದು ಇನ್ನೊಂದಕ್ಕೆ ಹೇಗೆ ಗೊತ್ತಾಗಬೇಕು?

ಅಂದರೆ ಒಬ್ಬರು ಕಡಿಮೆ.

ಆಮೇಲೆ ಸೀಟಿ ಊದಿದೆ. ಕಯಾಕಿನ ಹುಡುಗ ದುಬಾರೆಯಲ್ಲಿ ರಾಫ್ಟಿಂಗ್ ಮಾಡಿಸುವವನು, ನನ್ನ ಮುಖ ನೋಡಿಯೇ ತಿರುಗಿಸಿಕೊಂಡು ದೂರದ ಬಾಯ್‌ಗೆ ಹೋದ. ನಾವು ಎಂಟು ಜನ ಕೈ ಕೈ ಹಿಡಿದು ಎದೆಮಟ್ಟದ ನೀರಿನಲ್ಲಿ ಸಾಲಾಗಿ ನಡೆದೆವು. ಕಾಫಿ ಬಣ್ಣದ ನೀರು, ಸ್ವಂತ ಕೈ ಕಾಣುವುದಿಲ್ಲ. ಕಾಲಿನಲ್ಲೇ ತಡಕಬೇಕು. ಯಾರೂ ಮಾತಾಡುತ್ತಿಲ್ಲ. ದಡದಲ್ಲಿ ಒಂದು ಮಗು ಮಾತ್ರ ಡ್ರೋನ್ ಮತ್ತೆ ಹಾರಿಸಿ ಅಂತ ಅಳುತ್ತಿತ್ತು. ನನ್ನ ಪಾದಕ್ಕೆ ಏನೋ ಉದ್ದಕ್ಕೆ, ಗಟ್ಟಿಯಾಗಿ ಸಿಕ್ಕಿತು. ಮುಳುಗಿ ಎರಡೂ ಕೈ ಹಾಕಿ ಎಳೆದೆ. ಹಳೇ ಸ್ಪ್ರಿಂಕ್ಲರ್ ಪೈಪು.

ಅಷ್ಟರಲ್ಲಿ ಮೋಟಾರ್ ಶುರುವಾಯಿತು.

ತ್ರೀಫೇಸ್ ಕರೆಂಟ್ ಬಂದಿತ್ತು. ಪಂಪ್‌ಹೌಸಿನಲ್ಲಿ ಆಟೋ ಸ್ಟಾರ್ಟರ್. ಫ್ಯೂಸ್ ತೆಗೆದಿಡಿ ಅಂತ ಹಿಂದಿನ ದಿನವೇ ತೋಟದ ರೈಟರಿಗೆ ಹೇಳಿದ್ದೆ, ಅವರು ಮರೆತಿದ್ದರು. ನಾನೂ ಹೋಗಿ ನೋಡಿರಲಿಲ್ಲ. ನಮ್ಮ ಸಾಲಿನ ತುದಿಯಲ್ಲಿದ್ದವರಿಗೂ ಪಂಪ್ ನೀರೆಳೆಯುವ ಫುಟ್‌ವಾಲ್ವಿಗೂ ಜಾಸ್ತಿ ದೂರವಿರಲಿಲ್ಲ. ಎಲ್ಲರೂ ಒಟ್ಟಿಗೆ ಕಿರುಚಿದೆವು.

ಬಿದಿರು ಮೆಳೆಯ ಹಿಂದಿನಿಂದ ಪಂಪ್ ನೋಡಿಕೊಳ್ಳುವವನು ಓಡಿ ಬಂದು ಆಫ್ ಮಾಡಿದ. ಅವನ ಹಿಂದೆಯೇ ನಾವು ಹುಡುಕುತ್ತಿದ್ದವರು ಬಂದರು. ಒಂದು ಕೈಯಲ್ಲಿ ಕೆಂಪು ಕ್ಯಾಪ್, ಇನ್ನೊಂದರಲ್ಲಿ ಬೆಲ್ಲದ ಕಾಫಿಯ ಲೋಟ.

"ಏನಾಯ್ತು ಕೋಚ್? ಯಾರಾದ್ರೂ ಸಿಕ್ಕಾಕೊಂಡ್ರಾ?"

ನನಗಿಂತ ಹತ್ತು ವರ್ಷ ದೊಡ್ಡವರು, ಸೇನೆಯಿಂದ ನಿವೃತ್ತರಾದವರು. ನಾನು ಅವರನ್ನು ಅಣ್ಣ ಅಂತಲೇ ಕರೆಯುವುದು. ಅವತ್ತು ಮಾತ್ರ ಎಲ್ಲರ ಮುಂದೆ ಬಾಯಿಗೆ ಬಂದಂತೆ ಕೂಗಾಡಿದೆ. ಅವರು ಲೋಟ ಕೆಳಗಿಟ್ಟು ಅಟೆನ್ಷನ್‌ನಲ್ಲಿ ನಿಂತು ಕೇಳಿಸಿಕೊಂಡರು. ಈಗ ನೆನೆಸಿಕೊಂಡರೆ ಎಲ್ಲರಿಗೂ ನಗು ಬರುತ್ತದೆ. ನನಗೆ ಬರುವುದಿಲ್ಲ.

ಸಂಜೆ ಸಾಮಾನು ತುಂಬುವಾಗ ಅವರೇ ಬಂದು ಹೇಳಿದರು. "ಎರಡನೇ ರೌಂಡಲ್ಲಿ ಉಸಿರು ಸಿಕ್ಕಲಿಲ್ಲ ಕೋಚ್. ಆ ಕಡೆ ದಡ ಹತ್ತಿರ ಇತ್ತು, ಹತ್ತಿಬಿಟ್ಟೆ. ಈ ಕಡೆ ನೋಡಿದ್ರೆ ಅಷ್ಟು ಜನ ಚಪ್ಪಾಳೆ ಹೊಡೀತಾ ಇದ್ದಾರೆ. ನನ್ನ ಮಗಳೂ ಇದ್ದಳು. ಅಲ್ಲಿಗೆ ಬಂದು ನನ್ನ ಕೈಲಿ ಆಗ್ಲಿಲ್ಲ ಅಂತ ಹೇಗೆ ಹೇಳೋದು? ಎಲ್ಲ ಸೈಕಲ್ ಹತ್ತಿ ಹೋದ ಮೇಲೆ ಸುಮ್ನೆ ಬರೋಣ ಅಂದ್ಕೊಂಡೆ." ಸೀಟಿಯೂ ಕೇಳಿಸಿತ್ತಂತೆ. ರೇಸಿನದ್ದು ಅಂದುಕೊಂಡರಂತೆ.

ಅವರು ಮಾಡಿದ್ದರಲ್ಲಿ ಅರ್ಧ ಸರಿಯೇ ಇತ್ತು. ಉಸಿರು ಕಟ್ಟಿದಾಗ ಹತ್ತಿರದ ದಡ ಹತ್ತಬೇಕು, ಅದನ್ನು ಕಲಿಸಿದವನೂ ನಾನೇ. ಹತ್ತಿದ ಮೇಲೆ ಯಾರಿಗೆ ಹೇಳಬೇಕು? ಬ್ರೀಫಿಂಗಿನಲ್ಲಿ ಕಟ್-ಆಫ್ ಬಗ್ಗೆ, ಡ್ರಾಫ್ಟಿಂಗ್ ಬಗ್ಗೆ, ಮೌಂಟ್ ಲೈನ್ ಬಗ್ಗೆ ಗಂಟಲು ಹರಿದುಕೊಂಡಿದ್ದೆ. ಅರ್ಧಕ್ಕೆ ಬಿಡುವವರ ಬಗ್ಗೆ ಒಂದೇ ಸಾಲು: ವಾಲಂಟಿಯರ್‌ಗೆ ತಿಳಿಸಿ. ಆ ದಡದಲ್ಲಿ ವಾಲಂಟಿಯರೇ ಇರಲಿಲ್ಲ. ನಮ್ಮ ಮ್ಯಾಟ್, ಬ್ಯಾನರ್, ಬಾಳೆಹಣ್ಣು, ಚಪ್ಪಾಳೆ ಎಲ್ಲ ಮುಗಿಸುವವರಿಗೆ. ಈಜಿ ಬೆಳೆದ ಊರಿನಲ್ಲಿ, ಫೌಜಿನಿಂದ ಬಂದ ಮನುಷ್ಯ, ಮಗಳ ಮುಂದೆ ನೀರು ಬಿಟ್ಟು ಮೇಲೆ ಬಂದರೆ ಎಲ್ಲಿಗೆ ಹೋಗಬೇಕು? ಪಂಪ್‌ಹೌಸಿಗೇ ಹೋಗುತ್ತಾರೆ.

ಕಮಿಟಿ ಮೀಟಿಂಗಿನಲ್ಲಿ ಇದನ್ನೆಲ್ಲ ಹೇಳಿದೆ. ಮಿನಿಟ್ಸ್‌ನಲ್ಲಿ ಬಂದದ್ದು: "ಆಫ್‌ಲೈನ್ ಸಿಂಕ್ ಇರುವ ಹೊಸ ಆ್ಯಪ್ ಪರಿಶೀಲಿಸುವುದು."

ಪರಿಶೀಲಿಸಲಿ. ಏಪ್ರಿಲ್‌ನಲ್ಲಿ ನಡೆದ ಮುಂದಿನ ಮಾಕ್‌ನಲ್ಲಿ ಒಂದೇ ಎಕ್ಸಿಟ್, ಕಾಗದ, ಪೆನ್ಸಿಲ್. ಕೊನೆಯ ಲೆಕ್ಕ ಟಿ1 ರ್ಯಾಕಿನದು, ಅಲ್ಲಿರುವವರು ಸರಿ ಅನ್ನುವವರೆಗೆ ಕಯಾಕ್ ನೀರಿನಲ್ಲೇ. ಆ ಕೆಲಸವನ್ನು ಅದೇ ಹುಡುಗಿಗೆ ಕೊಟ್ಟಿದ್ದೇನೆ, ಸೀಟಿ ಸಮೇತ. ಅವಳು ಊದಿದರೆ ನಾನು ಪ್ರಶ್ನೆ ಕೇಳುವ ಹಾಗಿಲ್ಲ. ಮೋಟಾರ್ ಫ್ಯೂಸ್ ನನ್ನ ಜೇಬಿನಲ್ಲಿ. ಆಚೆ ದಡದಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ, ಟವೆಲ್, ಫ್ಲಾಸ್ಕಿನಲ್ಲಿ ಕಾಫಿ. ಅಲ್ಲಿ ಕೂರುವವರ ಹತ್ತಿರ ಕ್ಯಾಪ್ ಕೊಟ್ಟರೆ ಮುಗಿಯಿತು, ಯಾಕೆ ಬಿಟ್ಟಿರಿ ಅಂತ ಯಾರೂ ಕೇಳುವುದಿಲ್ಲ. ಅಣ್ಣನೇ ಅಲ್ಲಿ ಕೂತರು, ಕೇಳಿಕೊಂಡೇ ಬಂದರು. ಮೂವರು ಕ್ಯಾಪ್ ಕೊಟ್ಟರು. ಆಮೇಲೆ ಸೈಕಲ್ ಹತ್ತಿ ಉಳಿದದ್ದನ್ನು ಮುಗಿಸಿದರು, ಟೈಮ್ ಇಲ್ಲದೆ.

ಎರಡನೇ ಕಯಾಕ್ ಮಾತ್ರ ಇನ್ನೂ ಬಂದಿಲ್ಲ. ಜೂನ್‌ನಲ್ಲಿ ಮಳೆ ಹಿಡಿದರೆ ಕೆರೆಯ ಮಾತೇ ಇಲ್ಲ, ಮನೆಯೊಳಗೆ ಟ್ರೇನರ್ ಸ್ಟ್ಯಾಂಡಿನ ಮೇಲೆ ಸೈಕಲ್ ತುಳಿಯುವುದು, ಅದೂ ಕರೆಂಟ್ ಇದ್ದರೆ. ಅಕ್ಟೋಬರ್ ಹೊತ್ತಿಗೆ ಮತ್ತೆ ನೀರಿಗಿಳಿಯುತ್ತೇವೆ. ಸಿದ್ದಾಪುರ, ನಾಪೋಕ್ಲು, ಕುಶಾಲನಗರದ ಕಡೆ ಯಾರ ಹತ್ತಿರವಾದರೂ ಹಳೇ ಕಯಾಕ್ ಸುಮ್ನೆ ಬಿದ್ದಿದ್ದರೆ ತಿಳಿಸಿ. ಬಣ್ಣ ಹೋಗಿದ್ದರೂ ಪರವಾಗಿಲ್ಲ, ತೂತು ಇರಬಾರದು ಅಷ್ಟೇ.