ಬಾಟಲಿಯ ತಳದಲ್ಲಿ ಕುಳಿತಿದ್ದ ರಂಜಕ

ನೀರಿನ ಪರೀಕ್ಷಾಲಯಕ್ಕೆ ಸೇರಿದ ಮೊದಲ ವರ್ಷ ನನಗೆ ವಹಿಸಿದ್ದು ಎಲೆ ಎಣಿಸುವ ಕೆಲಸ. ಡಕ್‌ವೀಡ್ ಎಂಬ ತೇಲುಗಿಡ ಎಳ್ಳಿನಷ್ಟೋ ಅದಕ್ಕಿಂತ ತುಸು ದೊಡ್ಡದೋ ಇರುತ್ತದೆ. ಕಾಂಡವೆಂಬುದಿಲ್ಲ, ಒಂದು ಹಸಿರು ಬಿಲ್ಲೆ (ನಾವು ಎಲೆಯೆಂದು ಎಣಿಸುವುದು ಇದನ್ನೇ), ಅದರಡಿ ದಾರದಂತೆ ಇಳಿಬಿದ್ದ ಒಂದೇ ಬೇರು. ಬಿಲ್ಲೆಯ ಅಂಚಿನಲ್ಲಿ ಮರಿಬಿಲ್ಲೆ ಮೂಡಿ, ಬೇರ್ಪಟ್ಟು, ಮರುದಿನದಿಂದಲೇ ತಾನೂ ಮರಿ ಹಾಕಲು ತೊಡಗುತ್ತದೆ. ನೀರಿನಲ್ಲಿ ವಿಷವಿದೆಯೇ ಎಂದು ನೋಡಲು ಈ ಗಿಡವನ್ನು ಬಳಸುವುದು ಹಳೆಯ ರೂಢಿ. ಹಲವು ದೇಶಗಳು ಸೇರಿರುವ ಆರ್ಥಿಕ ಸಹಕಾರ ಸಂಘಟನೆ ಓಇಸಿಡಿ 2006ರಲ್ಲಿ ತಂದ ಮಾರ್ಗಸೂಚಿ 221 ಇದಕ್ಕೆಂದೇ ಇದೆ. ವಿಷ ಬೆರೆಸದ ಹೋಲಿಕೆಯ ತಟ್ಟೆಯಲ್ಲಿ ಎಲೆಗಳ ಸಂಖ್ಯೆ ಎರಡೂವರೆ ದಿನದೊಳಗೆ ಇಮ್ಮಡಿಯಾಗಬೇಕು, ಅಂದರೆ 7 ದಿನಕ್ಕೆ ಸುಮಾರು ಏಳು ಪಟ್ಟು. ಇಲ್ಲದಿದ್ದರೆ ಆ ಪರೀಕ್ಷೆಯೇ ಅಸಿಂಧು.

12 ಎಲೆ ಬಿಟ್ಟರೆ ವಾರಕ್ಕೆ 84 ಆಗಬೇಕಿತ್ತು. ನನ್ನ ತಟ್ಟೆಗಳಲ್ಲಿ ಎಷ್ಟು ಸಲ ಎಣಿಸಿದರೂ 50ರ ಆಸುಪಾಸಿನಲ್ಲೇ ನಿಲ್ಲುತ್ತಿತ್ತು. ಅದೂ ಮೊದಲ ಮೂರು ದಿನ ಲೆಕ್ಕ ಸರಿಯಾಗಿಯೇ ಇತ್ತು. ಆಮೇಲೆ ಯಾರೋ ತಡೆ ಹಾಕಿದಂತೆ ನಿಧಾನವಾಯಿತು. ನನಗೆ ಗೊತ್ತಿದ್ದ ಔಷಧ ಒಂದೇ, ಸಾರಜನಕ. ನೈಟ್ರೇಟನ್ನು ಇಮ್ಮಡಿ ಮಾಡಿದೆ. ಏನೂ ಆಗಲಿಲ್ಲ. ಬೆಳಕು ನೋಡಿದೆ, ತಾಪಮಾನ ನೋಡಿದೆ, 24 ಡಿಗ್ರಿ ಸರಿಯಾಗಿಯೇ ಇತ್ತು. ನೀರನ್ನೇ ಪರೀಕ್ಷೆಗೆ ಕೊಟ್ಟೆ. ಒಟ್ಟು ರಂಜಕ ಎಷ್ಟಿರಬೇಕೋ ಅಷ್ಟೇ ಇದೆ ಎಂದು ವರದಿ ಬಂತು. ವರದಿಯ ಹಾಳೆ ಹಿಡಿದುಕೊಂಡು ನಮ್ಮ ಹಿರಿಯರ ಮುಂದೆ ನಿಂತು, ಎಲ್ಲವನ್ನೂ ಹಾಕಿದ್ದೇನೆ ಸರ್, ಗಿಡದ್ದೇ ತೊಂದರೆ ಇರಬೇಕು ಎಂದೆ.

ಅವರು ಹಾಳೆ ನೋಡಲಿಲ್ಲ. ಒಂದು ಗಿಡವನ್ನು ಚಿಮುಟದಲ್ಲಿ ಎತ್ತಿ ಬೇರನ್ನು ಅಳತೆಪಟ್ಟಿಯ ಪಕ್ಕ ಹಿಡಿದರು. ಆರೋಗ್ಯವಾಗಿದ್ದ ಮೂಲ ತೊಟ್ಟಿಯ ಗಿಡದ ಬೇರಿಗಿಂತ ಅದು ಎರಡು ಪಟ್ಟು ಉದ್ದವಿತ್ತು. ಎಲೆ ಹಳದಿಯಾಗಿರಲಿಲ್ಲ, ಸಣ್ಣದಾಗಿ, ಕಡುಹಸಿರಾಗಿತ್ತು. “ಸಾರಜನಕ ಕಡಿಮೆಯಾಗಿದ್ದರೆ ಬಿಳಿಚಿಕೊಳ್ಳಬೇಕಿತ್ತಲ್ಲ? ಇದು ರಂಜಕಕ್ಕಾಗಿ ಬೇರು ಚಾಚುತ್ತಿದೆ. ನೀವು ಹಾಕಿದ್ದು ಎಷ್ಟು ಎಂದು ನಾನು ಕೇಳುತ್ತಿಲ್ಲ, ಅದಕ್ಕೆ ಸಿಕ್ಕಿದ್ದು ಎಷ್ಟು?” ಎಂದರು. ಆಮೇಲೆ ನಾನು ಪೋಷಕಾಂಶಗಳನ್ನು ಬೆರೆಸಿಟ್ಟಿದ್ದ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದರು. ತಳದಲ್ಲಿ ಸುಣ್ಣದ ತಿಳಿಯ ಅಡಿಯಲ್ಲಿ ಕೂರುವಂಥ ಬಿಳಿಯ ಗಸಿ.

ಆಗಿದ್ದು ಇಷ್ಟೇ. ಕೆಲಸ ಉಳಿಯಲಿ ಎಂದು ಕ್ಯಾಲ್ಸಿಯಂ ಮತ್ತು ಫಾಸ್ಫೇಟಿನ (ಗಿಡಕ್ಕೆ ರಂಜಕ ಸಿಗುವುದು ಇದರಿಂದ) ಗಟ್ಟಿ ದ್ರಾವಣಗಳನ್ನು ಒಂದೇ ಬಾಟಲಿಗೆ ಸುರಿದಿಟ್ಟಿದ್ದೆ. ಗಟ್ಟಿಯಾಗಿರುವಾಗ ಅವೆರಡೂ ಕೂಡಿದರೆ ಕ್ಯಾಲ್ಸಿಯಂ ಫಾಸ್ಫೇಟ್ ಆಗಿ ತಳ ಸೇರುತ್ತವೆ. ನಾನು ಶ್ರದ್ಧೆಯಿಂದ ಬಾಟಲಿ ಕಲಕಿಯೇ ಸುರಿಯುತ್ತಿದ್ದೆ, ಹಾಗಾಗಿ ಗಸಿಯೂ ತಟ್ಟೆಗೆ ಹೋಗುತ್ತಿತ್ತು. ರಸಸಾರ, ಅಂದರೆ ಆಮ್ಲ-ಕ್ಷಾರದ ಅಳತೆಯಾದ pH, 8ರ ಹತ್ತಿರವಿದ್ದ ನೀರಿನಲ್ಲಿ ಅದು ಕರಗಲಿಲ್ಲ. ಒಟ್ಟು ರಂಜಕದ ಪರೀಕ್ಷೆಯಲ್ಲಾದರೋ ಮಾದರಿಯನ್ನು ಆಮ್ಲ ಹಾಕಿ ಕಾಯಿಸುತ್ತಾರೆ. ಗಸಿಯೆಲ್ಲ ಕರಗಿ ಲೆಕ್ಕಕ್ಕೆ ಸೇರಿಬಿಟ್ಟಿತು. ಗಿಡದ ಬೇರಿನಲ್ಲಿ ಕುದಿಯುವ ಆಮ್ಲವಿಲ್ಲ. ಅದೇ ನೀರನ್ನು 0.45 ಮೈಕ್ರಾನ್ ಸೋಸುಹಾಳೆಯಲ್ಲಿ ಸೋಸಿ ಅಳೆದಾಗ ಕರಗಿದ ರಂಜಕ ಹೆಸರಿಗಷ್ಟೇ ಇತ್ತು.

ಮೊದಲ ಮೂರು ದಿನ ಬೆಳೆದದ್ದು ಹೇಗೆ? ತೇಲುಗಿಡಗಳು ಸಿಕ್ಕಾಗ ಬೇಕಾದ್ದಕ್ಕಿಂತ ಹೆಚ್ಚು ರಂಜಕವನ್ನು ಹೀರಿ ಒಳಗೆ ಕೂಡಿಡುತ್ತವೆ. ಮೂಲ ತೊಟ್ಟಿಯಿಂದ ಅವು ಬುತ್ತಿ ಕಟ್ಟಿಕೊಂಡೇ ಬಂದಿದ್ದವು. ತಾಯಿಬಿಲ್ಲೆಯ ಬುತ್ತಿ ಮಗಳಿಗೆ, ಮೊಮ್ಮಗಳಿಗೆ ಹಂಚಿಹೋಗಿ ತೆಳುವಾದ ಹೊತ್ತಿಗೆ ಬೆಳವಣಿಗೆ ಕುಂಟಿತು. ಅದರ ನಂತರ ಯಾವುದೇ ಪೋಷಕಾಂಶದ ಪರೀಕ್ಷೆಗೂ ಮುನ್ನ ಗಿಡಗಳನ್ನು ಕೆಲವು ದಿನ ಬಡವಾದ ನೀರಿನಲ್ಲಿಟ್ಟು ಆ ಬುತ್ತಿ ಖಾಲಿ ಮಾಡಿಸುತ್ತೇನೆ. ಇಲ್ಲದಿದ್ದರೆ ನಾವು ಅಳೆಯುವುದು ಹಿಂದಿನ ವಾರದ ಊಟವನ್ನು.

ಕೆಲವು ವರ್ಷಗಳ ಬಳಿಕ ನನ್ನನ್ನು ತ್ಯಾಜ್ಯನೀರಿನ ಕೊಳಗಳಿಗೆ ಹಾಕಿದರು. ಅಲ್ಲಿ ಕೊರತೆಯ ಮಾತೇ ಇಲ್ಲ, ಎಲ್ಲವೂ ಅತಿ. ಒಂದು ಕೊಳದಲ್ಲಿ ಅಮೋನಿಯಾ ಬೇಕಾದಷ್ಟಿದ್ದರೂ ಡಕ್‌ವೀಡ್ ಸುಟ್ಟಂತೆ ಬೆಳ್ಳಗಾಗುತ್ತಿತ್ತು. ನೀರಿನಲ್ಲಿ ಅದು ಅಮೋನಿಯಂ ರೂಪದಲ್ಲಿದ್ದರೆ ಈ ಗಿಡಕ್ಕೆ ನೈಟ್ರೇಟಿಗಿಂತ ಪ್ರಿಯ. ಆದರೆ ಅಮೋನಿಯಂ ಅಮೋನಿಯಾ ಅನಿಲವಾಗಿ ತಿರುಗಿದರೆ ಅದೇ ವಿಷ, ತಿರುಗಿಸುವುದು ರಸಸಾರ. 25 ಡಿಗ್ರಿಯಲ್ಲಿ ರಸಸಾರ 7 ಇದ್ದರೆ ಅನಿಲರೂಪದ ಪಾಲು ನೂರಕ್ಕೆ ಒಂದಕ್ಕಿಂತ ಕಡಿಮೆ. 9 ಆದರೆ ಮೂರನೇ ಒಂದಕ್ಕಿಂತ ಹೆಚ್ಚು. ನಾವು ಮಾದರಿ ತೆಗೆಯುತ್ತಿದ್ದುದು ಬೆಳಿಗ್ಗೆ ಎಂಟಕ್ಕೆ. ಮಧ್ಯಾಹ್ನ ಬಿಸಿಲಿಗೆ ಪಾಚಿ ನೀರಿನ ಇಂಗಾಲದ ಡೈಆಕ್ಸೈಡನ್ನು ಎಳೆದುಕೊಂಡು ರಸಸಾರವನ್ನು 9 ದಾಟಿಸುತ್ತಿದ್ದದ್ದು ಯಾರ ಪುಸ್ತಕದಲ್ಲೂ ದಾಖಲಾಗುತ್ತಿರಲಿಲ್ಲ. ಮಾದರಿಯ ಹೊತ್ತು ಬದಲಿಸಿದ ಮೇಲೆ ಕಾರಣ ಸಿಕ್ಕಿತು. ಗಿಡ ಇಡೀ ಕೊಳವನ್ನು ಮುಚ್ಚಿದ್ದರೆ ಪಾಚಿಗೆ ಬೆಳಕೇ ಸಿಗುತ್ತಿರಲಿಲ್ಲ. ಅರ್ಧ ಮುಚ್ಚಿದ ಕೊಳದಲ್ಲೇ ಈ ಪೇಚು.

ಹೊಸ ಎಲೆಗಳು ಮಾತ್ರ ಹಳದಿಯಾದರೆ ಕಬ್ಬಿಣವನ್ನು ನೋಡಿ. ರಸಸಾರ ಏರಿದ ನೀರಿನಲ್ಲಿ ಅದೂ ಗಸಿಯಾಗುತ್ತದೆ. ಅಜೋಲಾ ಎಂಬ ಇನ್ನೊಂದು ತೇಲುಗಿಡದ ಕತೆ ಬೇರೆ. ಅದರ ಎಲೆಯ ಪೊಟರೆಯಲ್ಲಿ ವಾಸಿಸುವ ಸೂಕ್ಷ್ಮಜೀವಿ ಗಾಳಿಯ ಸಾರಜನಕವನ್ನು ಹಿಡಿದುಕೊಡುವುದರಿಂದ ಅದು ಸಾರಜನಕಕ್ಕಾಗಿ ನೀರಿನ ಮುಖ ನೋಡಬೇಕಿಲ್ಲ, ರಂಜಕಕ್ಕೆ ಮಾತ್ರ ನೋಡಬೇಕು. ಅದು ಕೆಂಪಾದರೆ ರಂಜಕ ಕಡಿಮೆ ಎಂದು ಕೂಡಲೇ ತೀರ್ಮಾನಿಸಬೇಡಿ, ಚಳಿಗೂ ಕಡುಬಿಸಿಲಿಗೂ ಕೆಂಪಾಗುತ್ತದೆ.

ನನ್ನನ್ನು ಹೆಚ್ಚು ಕಾಡಿದ್ದು ಕೊನೆಯ ಕೊಳ. ಅದಕ್ಕೆ ಬರುತ್ತಿದ್ದ ಕೊಳಚೆಯನ್ನು ಪೂರ್ತಿ ತಿರುಗಿಸಿ ಒಂದು ವರ್ಷವಾಗಿತ್ತು. ಒಳಹರಿವಿನಲ್ಲಿ ರಂಜಕವಿಲ್ಲ, ಆದರೂ ವಾಟರ್ ಹಯಸಿಂತ್ ಎಂಬ ತೇಲುಕಳೆ ಮೊಣಕಾಲೆತ್ತರ ನಿಂತಿತ್ತು. ಬಡ ನೀರಿನಲ್ಲಿ ಈ ಗಿಡದ ಬೇರು ಮೊಳದುದ್ದ ಇಳಿಯುತ್ತದೆ. ದಡದಲ್ಲಿ ಒಂದನ್ನು ಎಳೆದು ನೋಡಿದೆ, ಗೇಣಿಗೂ ಕಡಿಮೆ. ಎಲ್ಲಿಂದಲೋ ಧಾರಾಳವಾಗಿ ಸಿಗುತ್ತಿದೆ ಎಂದಾಯಿತು. ಮೇಲೆ ದಟ್ಟ ಹೊದಿಕೆ ಇದ್ದರೆ ನೀರಿಗೆ ಗಾಳಿಯಾಡುವುದಿಲ್ಲ. ತಳದಲ್ಲಿ ಆಮ್ಲಜನಕ ಮುಗಿದಾಗ ಹೂಳಿನಲ್ಲಿ ಕಬ್ಬಿಣ ಹಿಡಿದಿಟ್ಟುಕೊಂಡ ರಂಜಕ ಬಿಡುಗಡೆಯಾಗುತ್ತದೆ. ಗಿಡವೇ ತನ್ನ ಉಗ್ರಾಣದ ಬೀಗ ತೆಗೆಯುತ್ತಿತ್ತು.

ಒಳಹರಿವಿನ ವರದಿಗಳನ್ನು ದಡದಲ್ಲೇ ಬಿಟ್ಟು, ಹೂಳಿನ ಮಾದರಿ ತೆಗೆಯುವ ಕೊಳವೆ ಹಿಡಿದು ದೋಣಿ ಹತ್ತಿದೆವು.